ಬಣ್ಣ ಕಾಣದವನ ಶೈನಿ ಬೇಟೆ: ‘ಪೋಕೆಮಾನ್ ಲೆಜೆಂಡ್ಸ್: ಆರ್ಸಿಯಸ್’ ಹೇಗಿದೆ?

ಈ ಗೇಮಿನ ಬಗ್ಗೆ ಬರೆಯೋಕೆ ನಾನು ಲಾಯಕ್ಕೋ ಅಲ್ಲವೋ ನೀವೇ ಹೇಳಿ. ನಾನು ಬರೆಯಹೊರಟಿರೋದು ಬೇರೆ ಬಣ್ಣದ ಪೋಕೆಮಾನ್, ಅಂದರೆ ಜಪಾನಿನ ವಿಡಿಯೋ ಗೇಮಿನ ಕಲ್ಪನೆಯ ಪ್ರಾಣಿ, ಹಿಡಿಯೋದರ ಬಗ್ಗೆ. ನನಗೋ ಕೆಂಪು ಯಾವುದು, ಹಸಿರು ಯಾವುದು ಅಂತ ಸರಿಯಾಗಿ ಗೊತ್ತಾಗಲ್ಲ. ಹುಟ್ಟಿದಾಗಿನಿಂದ ಹೀಗೇ. ಜಗತ್ತು ಕಪ್ಪು-ಬಿಳುಪಾಗಿ ಕಾಣುತ್ತೆ ಅಂತಲ್ಲ. ನೀಲಿ, ಹಳದಿ ಎಲ್ಲರಿಗೂ ಕಾಣುವಷ್ಟೇ ಚೆನ್ನಾಗಿ ಕಾಣುತ್ತವೆ. ಕೆಂಪು, ಹಸಿರು, ಕಂದು, ಕಿತ್ತಳೆ ಮಾತ್ರ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ಹೆಸರು ಹಿಡಿದು ಕರೆದರೆ ತಪ್ಪು ಹುಡುಗ ತಿರುಗಿ ನೋಡ್ತಾನೆ. ಇದನ್ನು ಹೇಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ, ‘ಹಾಗಾದ್ರೆ ಸಿಗ್ನಲ್ ಹೇಗೆ ನೋಡ್ತೀರಿ?’ ಮೇಲಿಂದು ಕೆಂಪು, ಕೆಳಗಿಂದು ಹಸಿರು, ಬಾಯಿಪಾಠ ಆಗಿದೆ. ಮುಂದಿನ ಪ್ರಶ್ನೆ, ‘ನನ್ನ ಶರ್ಟ್ ಯಾವ ಬಣ್ಣ ಹೇಳಿ ನೋಡೋಣ?’ ಇದಕ್ಕೆ ಉತ್ತರ ಕೊಡೋದು ಬಿಟ್ಟು ಬಹಳ ವರ್ಷವಾಯ್ತು.

ನನಗೆ ಇದು ಬಂದಿದ್ದು ಅಮ್ಮನ ಅಪ್ಪನಿಂದ. ಈ ಗುಣ ಹರಿದು ಬರೋ ದಾರಿಯೇ ಹಾಗೆ: ಅಜ್ಜನಿಗಿರುತ್ತೆ, ಮಗಳಿಗೆ ಕಾಣಿಸಿಕೊಳ್ಳದೆ ಒಳಗೇ ಉಳಿಯುತ್ತೆ, ಮೊಮ್ಮಗನಲ್ಲಿ ಮತ್ತೆ ಎದ್ದು ನಿಲ್ಲುತ್ತೆ. ಅಜ್ಜನಿಗೆ ಮೂಡಿಗೆರೆ ಕಡೆ ನಾಲ್ಕು ಎಕರೆ ಕಾಫಿ ತೋಟ. ಕಾಫಿ ತೋಟದಲ್ಲಿ ಹಣ್ಣು-ಕಾಯಿ ಬಣ್ಣದಲ್ಲಿ ಗೊತ್ತಾಗದವನ ಪಾಡು ಏನು ಅಂತ ಯೋಚನೆ ಮಾಡಿ. ಅಜ್ಜ ಪ್ರತಿ ಹಣ್ಣನ್ನೂ ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಒತ್ತಿ ನೋಡಿ ಬುಟ್ಟಿಗೆ ಹಾಕ್ತಿದ್ದರು. ಮೆತ್ತಗಿದ್ದರೆ ಹಣ್ಣು, ಕಲ್ಲಿನ ಹಾಗಿದ್ದರೆ ಕಾಯಿ. ಆಳುಗಳು ಒಂದು ಸಾಲು ಮುಗಿಸೋ ಹೊತ್ತಿಗೆ ಅಜ್ಜನದು ಎರಡು ಗಿಡ. ಆದರೆ ಅವರ ಬುಟ್ಟಿಯಲ್ಲಿ ಒಂದೂ ಕಾಯಿ ಇರ್ತಿರಲಿಲ್ಲ. ನಾನು ರಜೆಯಲ್ಲಿ ಹೋಗಿ ಕುಯ್ದ ಬುಟ್ಟಿ ನೋಡಿ ಮಾವ, ‘ಎಂಥದು ಮಾರಾಯ ಇದು, ಅರ್ಧಕ್ಕರ್ಧ ಕಾಯಿ’ ಅಂತ ಅಂಗಳದಲ್ಲಿ ಎಲ್ಲರ ಎದುರು ಸುರಿದಿದ್ದರು. ಮನೆಯಲ್ಲಿ ಸಂಗತಿ ಬಯಲಾಗಿದ್ದು ಆವತ್ತು. ಪಿಯುಸಿ ಮುಗಿದ ಮೇಲೆ ಒಂದು ಸರ್ಕಾರಿ ಕೆಲಸದ ಮೆಡಿಕಲ್‌ನಲ್ಲಿ ಚುಕ್ಕಿ ಚುಕ್ಕಿ ಪುಸ್ತಕ ತೆರೆದು ‘ಇದರಲ್ಲಿ ಯಾವ ನಂಬರ್ ಇದೆ?’ ಅಂದಾಗ ಅದು ಕಾಗದಕ್ಕೂ ಬಂತು. ಆ ಚುಕ್ಕಿ ಪರೀಕ್ಷೆಯನ್ನು ರೂಪಿಸಿದವರು ಜಪಾನಿನ ಶಿನೊಬು ಇಶಿಹಾರ ಅನ್ನೋ ಕಣ್ಣಿನ ಡಾಕ್ಟರು. ಪೋಕೆಮಾನ್ ಕಂಪನಿಯ ಅಧ್ಯಕ್ಷರ ಹೆಸರೂ ಇಶಿಹಾರ, ತ್ಸುನೆಕಾಝು ಇಶಿಹಾರ. ಹೆಸರು ಒಂದೇ, ಅಷ್ಟೇ. ಆದರೂ ಒಬ್ಬ ಇಶಿಹಾರ ಕಳೆದಿದ್ದನ್ನು ಇನ್ನೊಬ್ಬ ಇಶಿಹಾರ ವಾಪಸು ಕೊಟ್ಟರು ಅಂತ ನಾನು ತಮಾಷೆಗೆ ಹೇಳೋದುಂಟು.

ಎರಡು ವರ್ಷದ ಕೆಳಗೆ ಕ್ಯಾಲಿಫೋರ್ನಿಯಾದಿಂದ ಬಂದ ಭಾವ ನನ್ನ ಮಗಳಿಗೆ ಅಂತ ನಿಂಟೆಂಡೊ ಸ್ವಿಚ್ ಅನ್ನೋ ಗೇಮ್ ಆಡೋ ಯಂತ್ರ ತಂದುಕೊಟ್ಟರು. ಅವಳಿಗೆ ಆಗ ಎಂಟು. ಅದರ ಜೊತೆ ಈ ಗೇಮ್ ಇರೋ ಒಂದೇ ಕಾರ್ಟ್ರಿಡ್ಜ್. ಗೇಮ್ ಬಂದಿದ್ದು 2022ರ ಜನವರಿ 28ಕ್ಕೆ, ಅಮೆರಿಕದಲ್ಲಿ ಇದರ ಬೆಲೆ 59.99 ಡಾಲರ್. ರೂಪಾಯಿಗೆ ತಿರುಗಿಸಿ ಹೇಳಿದಾಗ ನನ್ನ ಹೆಂಡತಿ, ‘ಇಷ್ಟು ದುಡ್ಡಿಗೆ ಒಂದು ಒಳ್ಳೆ ಮಿಕ್ಸಿ ಬರ್ತಿತ್ತು’ ಅಂದಳು. ಮಗಳಿಗೆ ಇಂಗ್ಲಿಷ್ ಓದಿ ಹೇಳೋಕೆ ಅಂತ ಪಕ್ಕದಲ್ಲಿ ಕೂತವನು ನಾನು. ಒಂದು ವಾರದಲ್ಲಿ ಅವಳು ಮಲಗಿದ ಮೇಲೂ ಕೂರೋದಕ್ಕೆ ಶುರುಮಾಡಿದೆ.

ಶೈನಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಪ್ರತಿ ಜಾತಿಯ ಪೋಕೆಮಾನಿಗೂ ಒಂದು ಮಾಮೂಲಿ ಬಣ್ಣ ಇರುತ್ತೆ. ಸಾವಿರಾರರಲ್ಲಿ ಒಂದು ಮಾತ್ರ ಬೇರೆ ಬಣ್ಣದಲ್ಲಿ ಹುಟ್ಟುತ್ತೆ. ಶಕ್ತಿ ಹೆಚ್ಚಿಲ್ಲ, ಬೇರೆ ವಿದ್ಯೆ ಇಲ್ಲ, ಆಟ ಗೆಲ್ಲೋದಕ್ಕೆ ಏನೇನೂ ಪ್ರಯೋಜನವಿಲ್ಲ. ಬಣ್ಣ ಬೇರೆ, ಅಷ್ಟೇ. ಜಪಾನಿನಲ್ಲಿ ಇದನ್ನು ಕರೆಯೋದೇ ‘ಇರೊ ಚಿಗಾಯಿ’ ಅಂತ. ಅಂದರೆ ‘ಬೇರೆ ಬಣ್ಣದ್ದು’. ಮೊದಲು ಬಂದಿದ್ದು ಗೋಲ್ಡ್ ಮತ್ತು ಸಿಲ್ವರ್ ಗೇಮುಗಳಲ್ಲಿ, 1999ರ ನವೆಂಬರಿನಲ್ಲಿ. ಆಗ ಸಿಗೋ ಸಾಧ್ಯತೆ 8192ಕ್ಕೆ ಒಂದು. ‘ಲೇಕ್ ಆಫ್ ರೇಜ್’ ಅನ್ನೋ ಕೆರೆಯಲ್ಲಿ ಗ್ಯಾರಡೋಸ್ ಅನ್ನೋ ಪೋಕೆಮಾನಿನ ಒಂದು ಕೆಂಪು ಶೈನಿ ಮಾತ್ರ ಕಥೆಯ ಭಾಗವಾಗಿ ಎಲ್ಲರಿಗೂ ಸಿಗ್ತಿತ್ತು. ಮಾಮೂಲಿ ಗ್ಯಾರಡೋಸ್ ನೀಲಿ. ನೀಲಿ ಹೋಗಿ ಕೆಂಪಾಗಿದ್ದು ನನ್ನಂಥವನಿಗೂ ಕಾಣುತ್ತೆ. ನನ್ನ ಕಣ್ಣಿಗೆ ಅದು ಒಂಥರಾ ಬೆಲ್ಲದ ಬಣ್ಣ, ಆದರೆ ನೀಲಿ ಅಲ್ಲ ಅನ್ನೋದು ಖಾತ್ರಿ.

ಇಲ್ಲಿ ಒಂದು ಸಂಗತಿ ನನಗೆ ಬಹಳ ಇಷ್ಟ. ಗೋಲ್ಡ್, ಸಿಲ್ವರ್ ಕಾರ್ಟ್ರಿಡ್ಜುಗಳನ್ನು ಕೈಯಲ್ಲಿ ಹಿಡಿದು ಆಡೋ, ಬಣ್ಣವೇ ಇಲ್ಲದ ಹಳೇ ಗೇಮ್ ಬಾಯ್ ಯಂತ್ರದಲ್ಲೂ ಹಾಕಿ ಆಡಬಹುದಿತ್ತು. ಆ ಬೂದಿ ಪರದೆಯ ಮೇಲೆ ಬೇರೆ ಬಣ್ಣದ ಪೋಕೆಮಾನ್ ಬಂದರೆ ಯಾರಿಗೆ ತಿಳೀಬೇಕು? ಅದಕ್ಕೆ ಕಾಳಗ ಶುರುವಾಗೋವಾಗ ನಕ್ಷತ್ರಗಳು ಮಿನುಗಿ ಒಂದು ಸದ್ದು ಬರ್ತಿತ್ತು. ಅಂದರೆ ಶೈನಿ ಹುಟ್ಟಿದಾಗಲೇ ಜೊತೆಗೆ ಸದ್ದೂ ಹುಟ್ಟಿದೆ. ಬಣ್ಣ ಕಾಣದವರನ್ನು ನೆನೆದು ಹಾಗೆ ಮಾಡಿದರು ಅಂತ ನಾನು ಹೇಳ್ತಿಲ್ಲ. ಆದರೆ ಆ ದಿನ ಬೂದಿ ಗೇಮ್ ಬಾಯ್ ಹಿಡಿದಿದ್ದ ಹುಡುಗರೆಲ್ಲ ನನ್ನ ಸಾಲಿನಲ್ಲೇ ಕೂತಿದ್ದರು.

ಆಮೇಲೆ ಬಂದ ಗೇಮುಗಳಲ್ಲಿ ದಾರಿಗಳು ಹೆಚ್ಚಾದವು. ಬೇರೆ ಬೇರೆ ಭಾಷೆಯ ಗೇಮಿನಲ್ಲಿ ಹುಟ್ಟಿದ ಎರಡು ಪೋಕೆಮಾನ್‌ಗಳನ್ನು ಜೋಡಿ ಮಾಡಿ ಮೊಟ್ಟೆ ಇಡಿಸಿದರೆ ಶೈನಿ ಬೇಗ ಸಿಗುತ್ತೆ. ಗೇಮ್ ಮಾಡಿದ ಜುನಿಚಿ ಮಸುದ ಅವರ ಹೆಸರಿನಿಂದ ಇದಕ್ಕೆ ‘ಮಸುದ ಮೆಥಡ್’ ಅಂತಾರೆ. 2012ರಲ್ಲಿ ‘ಶೈನಿ ಚಾರ್ಮ್’ ಅನ್ನೋ ತಾಯಿತ ಬಂತು. 2013ರ ಎಕ್ಸ್ ಮತ್ತು ವೈ ಗೇಮುಗಳಿಂದ ಮೂಲ ಸಾಧ್ಯತೆಯೇ 4096ಕ್ಕೆ ಒಂದು ಆಯ್ತು. ಇವನ್ನೆಲ್ಲ ನಾನು ಆಡಿದವನಲ್ಲ, ಆದ್ದರಿಂದ ಮುಂದಕ್ಕೆ ಹೋಗ್ತೇನೆ.

ಆರ್ಸಿಯಸ್ ನಡೆಯೋದು ಹಿಸುಯಿ ಅನ್ನೋ ಹಳೇ ಕಾಲದ ಸೀಮೆಯಲ್ಲಿ, ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪವನ್ನು ನೋಡಿ ಕಟ್ಟಿದ್ದು. ಜನ ಇನ್ನೂ ಪೋಕೆಮಾನ್ ಕಂಡರೆ ಹೆದರೋ ಕಾಲ. ನಿಮ್ಮ ಕೆಲಸ ಹುಲ್ಲಿನಲ್ಲಿ ಬಗ್ಗಿ ನಡೆದು, ಹಿಂದಿನಿಂದ ಬಾಲ್ ಎಸೆದು ಹಿಡಿದು, ಒಂದೊಂದರ ಬಗ್ಗೆಯೂ ಟಿಪ್ಪಣಿ ಬರೆಯೋದು. ಕಾಳಗ ಮಾಡಲೇಬೇಕು ಅಂತಿಲ್ಲ. ಅದು ನಿಮ್ಮನ್ನು ನೋಡೋಕೆ ಮುಂಚೆ ನೀವು ಅದನ್ನು ನೋಡಿದರೆ ಅರ್ಧ ಕೆಲಸ ಆದ ಹಾಗೆ. ಐದು ಪ್ರದೇಶಗಳು: ಅಬ್ಸಿಡಿಯನ್ ಫೀಲ್ಡ್‌ಲ್ಯಾಂಡ್ಸ್, ಕ್ರಿಮ್ಸನ್ ಮೈರ್‌ಲ್ಯಾಂಡ್ಸ್, ಕೋಬಾಲ್ಟ್ ಕೋಸ್ಟ್‌ಲ್ಯಾಂಡ್ಸ್, ಕೊರೊನೆಟ್ ಹೈಲ್ಯಾಂಡ್ಸ್, ಅಲಬಾಸ್ಟರ್ ಐಸ್‌ಲ್ಯಾಂಡ್ಸ್. ಹೆಸರಿನಲ್ಲೇ ಕಪ್ಪು, ಕಡುಗೆಂಪು, ನೀಲಿ, ಬಿಳಿ. ಎರಡನೆಯದರ ಹೆಸರಿನ ಕಡುಗೆಂಪು ಆ ಜೌಗಿನಲ್ಲಿ ಎಲ್ಲಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಮುಖ್ಯ ಮಾತು. ಈ ಗೇಮಿನಲ್ಲಿ ಶೈನಿ ನಿಮ್ಮ ಹತ್ತಿರ ಎಲ್ಲೋ ಬಂತು ಅಂದರೆ ಒಂದು ಸದ್ದು ಕೇಳುತ್ತೆ. ಕಾಳಗದ ಒಳಗೆ ಅಲ್ಲ, ಬಯಲಿನಲ್ಲಿ ನೀವು ನಡೀತಾ ಇರೋವಾಗಲೇ. ಆ ಸದ್ದನ್ನು ಅಕ್ಷರದಲ್ಲಿ ಬರೆಯೋದು ಕಷ್ಟ. ಗಾಜಿನ ಬಳೆಚೂರನ್ನು ಸ್ಟೀಲ್ ತಟ್ಟೆಗೆ ಉದುರಿಸಿ ತಕ್ಷಣ ಅಂಗೈಯಲ್ಲಿ ಮುಚ್ಚಿದ ಹಾಗೆ. ಜೊತೆಗೆ ಅದರ ಮೈಮೇಲೆ ಒಂದು ಗಳಿಗೆ ಮಿಂಚು.

ಮೊದಲ ಸಲ ಕೇಳಿದ್ದು ರಾತ್ರಿ ಹನ್ನೊಂದೂವರೆಗೆ. ಹೊರಗೆ ಜುಲೈ ಮಳೆ ಹೆಂಚಿನ ಮೇಲೆ ಹೊಯ್ತಾ ಇದೆ, ಮನೆಯವರೆಲ್ಲ ಮಲಗಿದ್ದಾರೆ, ನನ್ನ ಒಂದು ಕಿವಿಯಲ್ಲಿ ಮಾತ್ರ ಇಯರ್‌ಫೋನ್. ಫೀಲ್ಡ್‌ಲ್ಯಾಂಡ್ಸ್‌ನ ನೀರಿನ ಪಕ್ಕ ನಾಲ್ಕು ಬುಯಿಜೆಲ್ ಇದ್ದವು, ನೀರುನಾಯಿ ಮರಿಯ ಹಾಗಿರೋ ಪ್ರಾಣಿ. ಸದ್ದು ಬಂತು. ಎದೆ ಧಸಕ್ಕೆಂದಿತು. ನೋಡ್ತೇನೆ, ನಾಲ್ಕೂ ಒಂದೇ! ಬುಯಿಜೆಲ್ ಮಾಮೂಲಾಗಿ ಕಿತ್ತಳೆ, ಶೈನಿ ಆದರೆ ಬಂಗಾರದ ಬಣ್ಣ ಅಂತ ಆಮೇಲೆ ಗೊತ್ತಾಯ್ತು. ನನ್ನ ಕಣ್ಣಿಗೆ ಕಿತ್ತಳೆಗೂ ಬಂಗಾರಕ್ಕೂ ಇರೋ ದೂರ ಬೆರಳಗಲ. ಮಿಂಚು ಹೊಳೆದಾಗ ನಾನು ಬೇರೆ ಕಡೆ ನೋಡ್ತಿದ್ದೆ. ಮಗಳನ್ನು ಎಬ್ಬಿಸೋಣ ಅನ್ನಿಸಿತು, ಬೆಳಿಗ್ಗೆ ಶಾಲೆ. ಕೊನೆಗೆ ಹುಲ್ಲಿನಲ್ಲೇ ಕೂತು ಅಜ್ಜನ ಹಾಗೆ ಒಂದೊಂದಾಗಿ ಮುಟ್ಟಿ ನೋಡೋದು ಅಂತ ತೀರ್ಮಾನಿಸಿದೆ. ನಾಲ್ಕಕ್ಕೂ ಬಾಲ್ ಎಸೆದೆ. ಒಂದು ತಪ್ಪಿಸಿಕೊಂಡಿತು, ಬೆನ್ನಟ್ಟಿ ಹಿಡಿದೆ. ಆಮೇಲೆ ಚೀಲ ತೆಗೆದು ನೋಡಿದರೆ ಮೂರನೆಯದರ ಪಕ್ಕ ಶೈನಿ ಗುರುತು. ನನ್ನ ಜೀವನದಲ್ಲಿ ಬಣ್ಣದ ವಿಷಯದಲ್ಲಿ ನಾನು ಗೆದ್ದಿದ್ದು ಅದೇ ಮೊದಲು.

ಬೆಳಿಗ್ಗೆ ಮಗಳು ಹಲ್ಲುಜ್ಜುತ್ತಾ ನೋಡಿ, ‘ಅಪ್ಪಾ! ಇದು ಅಜ್ಜಿ ಬಳೆ ಬಣ್ಣ!’ ಅಂತ ಕೂಗಿದಳು. ಪೇಸ್ಟ್ ಪರದೆಗೆಲ್ಲ ಹಾರಿತು.

ಸಾಧ್ಯತೆಯ ಲೆಕ್ಕ ನನಗೆ ಸೇರಿದ ವಿಷಯ, ಸೊಸೈಟಿಯಲ್ಲಿ ಲೆಕ್ಕ ಬರೆಯೋನು ನಾನು. ಡಬ್ಬಿಯಲ್ಲಿ 4096 ಚೀಟಿ ಇದೆ, ಒಂದರಲ್ಲಿ ಮಾತ್ರ ‘ಶೈನಿ’ ಅಂತ ಬರೆದಿದೆ ಅಂದುಕೊಳ್ಳಿ. ಪ್ರತಿ ಪೋಕೆಮಾನ್ ಹುಟ್ಟುವಾಗ ಗೇಮ್ ಒಂದು ಚೀಟಿ ಎತ್ತುತ್ತೆ. ಆ ಜಾತಿಯ ಬಗ್ಗೆ ನಿಮ್ಮ ಟಿಪ್ಪಣಿ ಹತ್ತನೇ ಮಟ್ಟಕ್ಕೆ ಬಂದಿದ್ದರೆ ಇನ್ನೊಂದು ಚೀಟಿ ಎತ್ತೋ ಅವಕಾಶ. ಟಿಪ್ಪಣಿಯ ಎಲ್ಲ ಸಾಲೂ ಪೂರ್ತಿಯಾಗಿದ್ದರೆ ಇನ್ನೆರಡು. ಹಿಸುಯಿಯ ಪೋಕೆಡೆಕ್ಸ್ ಪುಸ್ತಕವನ್ನೇ ಮುಗಿಸಿ ಶೈನಿ ಚಾರ್ಮ್ ಪಡೆದರೆ ಇನ್ನು ಮೂರು. ಇದೆಲ್ಲ ಸೇರಿ ಏಳು. ಅಂದರೆ 585ಕ್ಕೆ ಒಂದು.

ನಿಜವಾದ ಬಂಪರ್ ಇರೋದು ‘ಮಾಸ್ ಔಟ್‌ಬ್ರೇಕ್’ನಲ್ಲಿ. ಜುಬಿಲೈಫ್ ಹಳ್ಳಿಯ ಬಾಗಿಲಲ್ಲಿ ನಿಂತಾಗ ಯಾವ ಪ್ರದೇಶದಲ್ಲಿ ಯಾವುದು ಗುಂಪುಗುಂಪಾಗಿ ಎದ್ದಿದೆ ಅಂತ ನಕ್ಷೆಯಲ್ಲಿ ತೋರಿಸುತ್ತೆ. ಮಳೆಗಾಲದ ಮೊದಲ ಗುಡುಗಿಗೆ ಅಣಬೆ ಏಳೋ ಹಾಗೆ. ಅಲ್ಲಿ ಪ್ರತಿಯೊಂದಕ್ಕೂ ಹೆಚ್ಚುವರಿ 25 ಚೀಟಿ. ಏನೂ ಸಾಧನೆ ಮಾಡದ ಹೊಸಬನಿಗೂ 158ಕ್ಕೆ ಒಂದು ಬೀಳುತ್ತೆ, ಎಲ್ಲ ಇದ್ದವನಿಗೆ 128ಕ್ಕೆ ಒಂದು. ನೋಡಿ, ಇಲ್ಲಿ ಒಂದು ಮಜ ಇದೆ. ಚಾರ್ಮ್‌ಗಾಗಿ ನಾನು ಏಳು ತಿಂಗಳು ಬೆವರಿದೆ. ಔಟ್‌ಬ್ರೇಕ್ ಮಟ್ಟಿಗೆ ಅದರಿಂದ ಆದ ಲಾಭ ತೀರಾ ಸಣ್ಣದು. ನನ್ನನ್ನು ಕೇಳಿದರೆ, ಶೈನಿ ಬೇಕು ಅಂತ ಪುಸ್ತಕ ಮುಗಿಸೋಕೆ ಹೋಗಬೇಡಿ, ಬಾಗಿಲಲ್ಲಿ ನಕ್ಷೆ ನೋಡೋ ಅಭ್ಯಾಸ ಮಾಡಿಕೊಳ್ಳಿ. 2022ರ ಫೆಬ್ರವರಿ 27ಕ್ಕೆ ‘ಡೇಬ್ರೇಕ್’ ಅನ್ನೋ ಅಪ್‌ಡೇಟ್ ಪುಕ್ಕಟೆಯಾಗಿ ಬಂತು. ಅದರಲ್ಲಿ ಇಡೀ ಪ್ರದೇಶದ ತುಂಬ ಹತ್ತಾರು ಗುಂಪು ಒಟ್ಟಿಗೆ ಏಳುತ್ತವೆ. ಹೆಚ್ಚುವರಿ ಚೀಟಿ ಅಲ್ಲಿ 12 ಮಾತ್ರ, ಆದರೆ ಪೋಕೆಮಾನ್ ಸಂಖ್ಯೆ ಎಷ್ಟೋ ಪಾಲು.

128ಕ್ಕೆ ಒಂದು ಅಂದ ಮಾತ್ರಕ್ಕೆ 128 ನೋಡಿದರೆ ಸಿಕ್ಕೇ ಸಿಗುತ್ತೆ ಅಂತಲ್ಲ. ನೂರು ಜನ ತಲಾ 128 ನೋಡಿದರೆ ಸುಮಾರು 63 ಜನರಿಗೆ ಸಿಗುತ್ತೆ, ಉಳಿದ 37 ಜನ ಬರಿಗೈಯಲ್ಲಿ ಮನೆಗೆ. ನಾನು ಬಹಳ ಸಲ ಆ 37ರಲ್ಲಿದ್ದೆ. ಜಿಯೋಡ್ಯೂಡ್ ಅನ್ನೋ ಕಲ್ಲಿನ ಉಂಡೆಗಾಗಿ ಮೂರು ವಾರ ತಿರುಗಿದ್ದೇನೆ, ಶೈನಿ ಆದರೆ ಅದೂ ಬಂಗಾರದ ಬಣ್ಣವಂತೆ. ತಾಳ್ಮೆ ಇಲ್ಲದವರಿಗೆ ಒಂದು ಸಮಾಧಾನ: ಫೀಲ್ಡ್‌ಲ್ಯಾಂಡ್ಸ್‌ನ ಹಾರ್ಸ್‌ಶೂ ಪ್ಲೇನ್ಸ್ ಅನ್ನೋ ಬಯಲಲ್ಲಿ ಒಂದು ವಿಚಿತ್ರ ಪೊನೀಟಾ ಇದೆ, ಅದನ್ನು ನೋಡಿಕೊಂಡು ಬಾ ಅಂತ ಹಳ್ಳಿಯಲ್ಲಿ ಒಂದು ಕೋರಿಕೆ ಬರುತ್ತೆ. ಅದು ಎಲ್ಲರಿಗೂ ಶೈನಿಯೇ. ಬೆಂಕಿಯ ಜೂಲು ಇರೋ ಕುದುರೆ, ಮಾಮೂಲಿಯದಕ್ಕೆ ಕೆಂಪು-ಹಳದಿ ಜ್ವಾಲೆ, ಇದಕ್ಕೆ ನೀಲಿ. ದೂರದಿಂದ ನೋಡಿದ ಕೂಡಲೇ, ‘ಅಗೋ, ಅಲ್ಲಿ!’ ಅಂದವನು ನಾನು, ಮಗಳಲ್ಲ. ಗ್ಯಾಸ್ ಒಲೆ ಹಚ್ಚಿದ ಹಾಗೆ ಉರೀತಿತ್ತು. ಸೈಡಕ್ ಅನ್ನೋ ಹಳದಿ ಬಾತುಕೋಳಿಯೂ ಹಾಗೇ, ಶೈನಿ ಆದರೆ ನೀಲಿ. ನನ್ನಂಥ ಕಣ್ಣಿನವರು ಬೇಟೆ ಶುರು ಮಾಡೋದಾದರೆ ಹಳದಿಯಿಂದ ನೀಲಿಗೆ ಹೋಗೋವನ್ನು ಮೊದಲು ಹುಡುಕಿ. ಶೈನಿ ಆದರೆ ಬಿಳಿ ಆಗೋ ಈವೀ ಅನ್ನೋ ಪೋಕೆಮಾನ್ ಕೂಡ ಸುಲಭ.

ಹೊಗಳಿದ್ದು ಸಾಕು, ಕುಂದು ಹೇಳ್ತೇನೆ. ಚಿತ್ರ ಸಾಧಾರಣ. ದೂರದ ಬೆಟ್ಟಗಳು ಹಿಟ್ಟಿನ ಮುದ್ದೆ ಇಟ್ಟ ಹಾಗಿವೆ, ಹಾರೋ ಪೋಕೆಮಾನ್‌ಗಳು ದೂರದಲ್ಲಿ ತಡವರಿಸಿ ತಡವರಿಸಿ ರೆಕ್ಕೆ ಬಡಿಯುತ್ತವೆ, ಮರಗಳು ಕಣ್ಣೆದುರೇ ದಿಢೀರನೆ ಎದ್ದು ನಿಲ್ಲುತ್ತವೆ. ಮಾತೆಲ್ಲ ಬರಹದಲ್ಲೇ, ಧ್ವನಿಯಿಲ್ಲ. ಶುರುವಿನ ಒಂದೆರಡು ಗಂಟೆ ಓದಿ ಓದಿ ಬಾಯಿ ಒಣಗುತ್ತೆ. ಕನ್ನಡ ಬಿಡಿ, ಭಾರತದ ಯಾವ ಭಾಷೆಯೂ ಇಲ್ಲ. ಬಣ್ಣ ಕಾಣದವರಿಗೆ ಅಂತ ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲೂ ಇಲ್ಲ. ‘ಆಲ್ಫಾ’ ಅನ್ನೋ ದೈತ್ಯ ಪೋಕೆಮಾನ್‌ಗಳಿಗೆ ಕಣ್ಣು ಕೆಂಪಗೆ ಹೊಳೆಯುತ್ತಂತೆ. ಹಸಿರು ಕಾಡಿನ ಎದುರು ಕೆಂಪು ಕಣ್ಣು! ಮೈಮೇಲೆ ಬಂದು ಕೆಡವಿದ ಮೇಲೇ ನನಗೆ ಗೊತ್ತಾಗೋದು, ಚೀಲದಿಂದ ಒಂದಿಷ್ಟು ಸಾಮಾನೂ ಬಿದ್ದುಹೋಗುತ್ತೆ.

ಸದ್ದಿನಲ್ಲೂ ತೊಂದರೆ ಇಲ್ಲದಿಲ್ಲ. ಬರೋದು ಒಂದೇ ಸಲ. ಎಲ್ಲಿಂದ ಬಂತು ಅಂತ ಸುತ್ತ ತಿರುಗಿ ಹುಡುಕಬೇಕು. ನೀವು ಕಾಳಗದ ಗಲಾಟೆಯಲ್ಲಿದ್ದರೆ, ಅಥವಾ ಮಿಕ್ಸಿ ತಿರುಗ್ತಿದ್ದರೆ, ಕೇಳದೇ ಹೋಗಬಹುದು. ಬಹಳ ದೂರದಲ್ಲಿದ್ದರೆ ಬರೋದೇ ಇಲ್ಲ. ಅದಕ್ಕೆ ಬ್ರೇವಿಯರಿ ಹಕ್ಕಿಯ ಮೇಲೆ ಕೂತು ಗುಂಪಿನ ತಲೆಯ ಮೇಲೆ ಸುತ್ತು ಹಾಕೋದು ಒಳ್ಳೇ ಉಪಾಯ. ಕಣ್ಣು ಮುಚ್ಚಿಕೊಂಡರೂ ನಡೆಯುತ್ತೆ, ನಾನು ಮಾಡಿದ್ದೇನೆ. ಇನ್ನೊಂದು ಕಿವಿಮಾತು: ಗೇಮ್ ತಾನಾಗೇ ಸೇವ್ ಆಗೋದನ್ನು ನಿಲ್ಲಿಸಿ, ಗುಂಪಿನ ಹತ್ತಿರ ಹೋಗೋ ಮುಂಚೆ ನೀವೇ ಸೇವ್ ಮಾಡಿ. ಶೈನಿ ಓಡಿಹೋದರೆ ಮತ್ತೆ ಅಲ್ಲಿಂದಲೇ ಶುರುಮಾಡಬಹುದು. ಇದು ಮೋಸ ಅನ್ನೋರಿದ್ದಾರೆ. ನಾಲ್ಕು ಬುಯಿಜೆಲ್ ನಡುವೆ ಒಂದನ್ನು ತಡಕಿದವನಿಗೆ ಆ ಉಪದೇಶ ಬೇಡ.

ಅದೇ ವರ್ಷ ನವೆಂಬರ್ 18ಕ್ಕೆ ಬಂದ ಸ್ಕಾರ್ಲೆಟ್ ಮತ್ತು ವಯಲೆಟ್ ಗೇಮುಗಳಲ್ಲಿ ಈ ಸದ್ದು ಇಲ್ಲ. ಮಿಂಚೂ ಇಲ್ಲ. ಶೈನಿ ಬಯಲಲ್ಲಿ ಸುಮ್ಮನೆ ಓಡಾಡ್ತಾ ಇರುತ್ತೆ, ಕಣ್ಣಿದ್ದವನು ಕಂಡುಕೊಳ್ಳಬೇಕು. ಭಾವನ ಮಗನ ವಯಲೆಟ್ ಕಾರ್ಟ್ರಿಡ್ಜನ್ನು ಎರಡು ತಿಂಗಳು ಆಡಿದೆ. ಎಷ್ಟು ಶೈನಿ ಪಕ್ಕದಲ್ಲೇ ಹಾದುಹೋದವೋ ದೇವರಿಗೇ ಗೊತ್ತು. ಆದರೆ ಅದರಲ್ಲೊಂದು ಕಳ್ಳದಾರಿ ಕಂಡುಕೊಂಡೆ. ಆ ಗೇಮಿನಲ್ಲಿ ನಿಮ್ಮ ಪೋಕೆಮಾನನ್ನು ಮುಂದೆ ಬಿಟ್ಟು ‘ಹೋಗು, ನೀನೇ ಹೊಡೆದು ಬಾ’ ಅಂತ ಕಳಿಸಬಹುದು. ಮಾಮೂಲಿ ಪೋಕೆಮಾನ್ ಆದರೆ ಹೋಗಿ ಗುದ್ದುತ್ತೆ. ಎದುರಿಗಿರೋದು ಶೈನಿ ಆದರೆ ಗುದ್ದಲ್ಲ, ಒಲ್ಲೆ ಅಂತ ನಿಂತುಬಿಡುತ್ತೆ. ಬೇಟೆನಾಯಿಯ ಹಾಗೆ ಅದನ್ನು ಮುಂದೆ ಬಿಟ್ಟು, ಎಲ್ಲಿ ನಿಂತಿತು ಅಂತ ನೋಡ್ತಾ ಹೋದೆ. ಹಾಗೆ ಎರಡು ಸಿಕ್ಕಿದವು. ಕೆಲಸ ಆಗುತ್ತೆ, ಆದರೆ ಮಳೆಯ ರಾತ್ರಿ ಇಯರ್‌ಫೋನಿನಲ್ಲಿ ಬಳೆಚೂರು ಉದುರೋ ಸುಖ ಅದರಲ್ಲಿಲ್ಲ. 2025ರ ಅಕ್ಟೋಬರಿನಲ್ಲಿ ಬಂದ ‘ಲೆಜೆಂಡ್ಸ್: ಝಡ್-ಎ’ದಲ್ಲಿ ಸದ್ದು ವಾಪಸು ಬಂದಿದೆ. ಭಾವನಿಗೆ ಆಗಲೇ ಸುಳಿವು ಕೊಟ್ಟಿದ್ದೇನೆ.

ಸೈಜರ್ ಕಥೆ ಹೇಳದಿದ್ದರೆ ಮಗಳು ಬೈತಾಳೆ. ಸೈಜರ್ ಅಂದರೆ ಕೈಗೆ ಇಕ್ಕಳ ಇರೋ ಉಕ್ಕಿನ ಹುಳ. ಮಾಮೂಲಿ ಬಣ್ಣ ಕೆಂಪು, ಶೈನಿ ಬಣ್ಣ ಹಸಿರು. ಪೋಕೆಮಾನ್ ಕಂಪನಿಯವರು ನನ್ನನ್ನು ಅಣಕಿಸೋಕೆ ಅಂತಲೇ ಮಾಡಿದ ಹಾಗಿದೆ. ಅವಳಿಗೆ ಹುಟ್ಟುಹಬ್ಬಕ್ಕೆ ಅದೇ ಬೇಕು. ಮೊದಲು ಸೈಥರ್ ಅನ್ನೋ ಪೋಕೆಮಾನಿನ ಶೈನಿ ಹಿಡೀಬೇಕು, ಆಮೇಲೆ ‘ಮೆಟಲ್ ಕೋಟ್’ ಅನ್ನೋ ವಸ್ತು ಕೊಟ್ಟರೆ ಅದು ಸೈಜರ್ ಆಗುತ್ತೆ. ಫೀಲ್ಡ್‌ಲ್ಯಾಂಡ್ಸ್‌ನ ಗ್ರಾಂಡ್‌ಟ್ರೀ ಅರೀನಾ ಹತ್ತಿರ ಹೋಗೋದು, ಸದ್ದಿಗೆ ಕಾಯೋದು, ಹಳ್ಳಿಗೆ ವಾಪಸು, ಮತ್ತೆ ಹೋಗೋದು. ಔಟ್‌ಬ್ರೇಕ್ ಅಲ್ಲ, 585ರ ಲೆಕ್ಕ. ಸಂಜೆ ಸೊಸೈಟಿಯಿಂದ ಬಂದು ಕಾಫಿ ಕುಡಿದು ಕೂತರೆ ಎಂಟಕ್ಕೆ ಏಳೋದು. ಹತ್ತೊಂಬತ್ತನೇ ದಿನ ಸದ್ದು ಬಂತು. ಮಗಳು ಪಕ್ಕದಲ್ಲೇ ಇದ್ದಳು, ‘ಬಲಗಡೆ ಅಪ್ಪಾ, ಬಲಗಡೆ, ಮರದ ಕೆಳಗೆ!’ ಅಂತ ಪಿಸುಗುಟ್ಟಿದಳು, ಪೋಕೆಮಾನಿಗೆ ಕೇಳುತ್ತೇನೋ ಅನ್ನೋ ಹಾಗೆ. ಹಿಡಿದೆ. ಮೆಟಲ್ ಕೋಟ್ ಕೊಟ್ಟೆ. ಹಸಿರು ಸೈಜರ್ ಬಂತು ಅಂತ ಅವಳು ಕುಣಿದಳು, ನಾನೂ ಕುಣಿದೆ. ಆಮೇಲೆ ಅವಳ ಹತ್ತಿರವಿದ್ದ ಕೆಂಪು ಸೈಜರನ್ನೂ ಇದನ್ನೂ ಅಕ್ಕಪಕ್ಕ ನಿಲ್ಲಿಸಿದಳು. ನನಗೆ ಕಂಡಿದ್ದು, ಒಂದು ಸ್ವಲ್ಪ ಗಾಢ, ಒಂದು ಸ್ವಲ್ಪ ತಿಳಿ. ಎರಡೂ ಹಳೇ ಬೆಲ್ಲ, ಹೊಸ ಬೆಲ್ಲ. ಅಡುಗೆಮನೆಯಿಂದ ಹೆಂಡತಿ ಬಂದು ನೋಡಿ, ‘ಇದಕ್ಕೆ ಹತ್ತೊಂಬತ್ತು ದಿನಾನಾ? ನಿಮಗೆ ಕಾಣೋದೂ ಇಲ್ಲವಲ್ರೀ’ ಅಂದಳು. ಅವಳು ಹೇಳಿದ್ದು ಸರಿಯೇ. ಅದಕ್ಕೆ ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ. ಮಾರನೇ ದಿನ ಟೊಮೆಟೊ ತರೋಕೆ ಮಗಳನ್ನೂ ಜೊತೆಗೆ ಕಳಿಸಿದಳು.

ತಗೊಳ್ಳೋರಿಗೆ ನಾಲ್ಕು ಮಾತು. ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್ ಸಿಕ್ಕಿದರೆ ಧಾರಾಳವಾಗಿ ತಗೊಳ್ಳಿ. ಆಡಿದ್ದೆಲ್ಲ ಉಳಿಯೋದು ಸ್ವಿಚ್ ಒಳಗೆ, ಕಾರ್ಟ್ರಿಡ್ಜ್‌ನಲ್ಲಿ ಅಲ್ಲ. ಹಾಗಾಗಿ ಹಿಂದಿನವನ ಆಟ ನಿಮಗೆ ಅಡ್ಡ ಬರಲ್ಲ. ‘ಇದರೊಳಗೆ ಐವತ್ತು ಶೈನಿ ಇದೆ’ ಅಂತ ಯಾರಾದರೂ ಹೆಚ್ಚಿಗೆ ಕೇಳಿದರೆ ಕೊಡಬೇಡಿ, ಅದೇ ಕಾರಣಕ್ಕೆ. ನನಗೆ ಪೇಟೆಯ ಒಂದು ಅಂಗಡಿಯಲ್ಲಿ ಹಾಗೆ ಹೇಳಿದ್ದರು. ಚಿತ್ರ ಮುಖ್ಯ ಅನ್ನೋರಿಗೆ ಈ ಗೇಮ್ ಬೇಡ. ಗೆಳೆಯರ ಜೊತೆ ಕಾಳಗ ಆಡಬೇಕು ಅನ್ನೋರಿಗೂ ಬೇಡ, ಅದು ಇದರಲ್ಲಿ ಇಲ್ಲವೇ ಇಲ್ಲ. ಒಬ್ಬರೇ ಕೂತು ಹುಲ್ಲಲ್ಲಿ ಕಾಯೋದು ಇಷ್ಟ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ನನ್ನ ಅಂಕ: ಸದ್ದಿಗೆ ಐದಕ್ಕೆ ಐದು, ಬೇಟೆಗೆ ನಾಲ್ಕೂವರೆ, ಚಿತ್ರಕ್ಕೆ ಎರಡು. ಬಣ್ಣಕ್ಕೆ ನಾನು ಅಂಕ ಕೊಟ್ಟರೆ ಚೆನ್ನಾಗಿರಲ್ಲ.

ಮೊನ್ನೆ ಭಾನುವಾರದ್ದು ಒಂದು ಹೇಳಿ ನಿಲ್ಲಿಸ್ತೇನೆ. ಗೆಂಗಾರ್ ಅನ್ನೋ ಭೂತದ ಶೈನಿಗೂ ಮಾಮೂಲಿಗೂ ಬಣ್ಣದಲ್ಲಿ ಎಷ್ಟು ಕಮ್ಮಿ ವ್ಯತ್ಯಾಸ ಅಂದರೆ ಒಳ್ಳೇ ಕಣ್ಣಿದ್ದವರೂ ಎಡವುತ್ತಾರೆ. ನಾವು ರಾತ್ರಿ ಬೇಟೆಯಲ್ಲಿ ಒಂದು ಶೈನಿ ಗ್ಯಾಸ್ಟ್ಲಿ ಹಿಡಿದು, ಬೆಳೆಸಿ, ‘ಲಿಂಕಿಂಗ್ ಕಾರ್ಡ್’ ಅನ್ನೋ ಹಗ್ಗ ಕೊಟ್ಟು ಗೆಂಗಾರ್ ಮಾಡಿದ್ದೆವು. ಮಗಳು ಅದನ್ನೂ ಒಂದು ಮಾಮೂಲಿ ಗೆಂಗಾರನ್ನೂ ತಂಡಕ್ಕೆ ಹಾಕಿಕೊಂಡು, ‘ಅಪ್ಪಾ, ಆ ಕಡೆ ತಿರುಗಿ ಕೂತ್ಕೊ, ಪರೀಕ್ಷೆ’ ಅಂದಳು. ನಾನು ಕಿಟಕಿಯ ಕಡೆ ತಿರುಗಿದೆ. ಎರಡು ಬಾಲ್ ಎಸೆದ ಶಬ್ದ.

‘ಈಗ ನೋಡು. ಶೈನಿ ಯಾವುದು ಹೇಳು.’

ನೋಡಿದೆ. ಎರಡು ಭೂತ, ಎರಡೂ ಒಂದೇ ನಗು.

‘ನಿಂಗೆ ಗೊತ್ತಾಗ್ತಿದೆಯಾ?’ ಅಂದೆ.

ಅವಳು ಪರದೆಯ ಹತ್ತಿರ ಬಗ್ಗಿ, ಒಂದನ್ನು ನೋಡಿ, ಇನ್ನೊಂದನ್ನು ನೋಡಿ, ಮುಖ ಸಣ್ಣ ಮಾಡಿಕೊಂಡಳು. ‘ಇಲ್ಲ. ಯಾವುದು ಮೊದಲು ಎಸೆದೆ ಅಂತ ಮರೆತೆ.’

‘ಎರಡನೇ ಸಲ ಎಸೆದಿದ್ದು ಶೈನಿ’ ಅಂದೆ. ಬಾಲ್ ತೆರೆದಾಗ ಬಳೆಚೂರು ಉದುರಿದ್ದು ನನಗೆ ಕೇಳಿತ್ತು.

ಅವಳು ಗುರುತು ತೆಗೆದು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ‘ಮೋಸ! ಇನ್ನೊಂದು ಸಲ. ಈಗ ಸೌಂಡ್ ಆಫ್ ಮಾಡ್ತೀನಿ.’